ಹಳೇ ಫೋನು, ಮುಕ್ಕಾಲಿಂಚಿನ ಪೈಪು: ಬರೆಯುವ ಹಾಳೆ ತೋರಿಸುವ ವೆಬ್‌ಕ್ಯಾಮ್

ಆನ್‌ಲೈನ್ ಪಾಠ ಮಾಡುವವರಿಗೆ ಮುಖ ತೋರಿಸುವ ಕ್ಯಾಮೆರಾ ಲ್ಯಾಪ್‌ಟಾಪ್‌ನಲ್ಲೇ ಇರುತ್ತದೆ. ಕೊರತೆ ಇರುವುದು ಮೇಜಿನ ಮೇಲಿನ ಹಾಳೆಯನ್ನು ನೇರ ಮೇಲಿನಿಂದ ತೋರಿಸುವ ಕ್ಯಾಮೆರಾಕ್ಕೆ. ಲೆಕ್ಕ ಬಿಡಿಸುವುದು, ಸರ್ಕ್ಯೂಟ್ ಬರೆಯುವುದು, ಸಂಧಿ ಬಿಡಿಸಿ ತೋರಿಸುವುದು ಎಲ್ಲವೂ ಕೈಯಲ್ಲಿ ಬರೆಯುತ್ತಾ ಹೇಳಿದರೇ ಮಕ್ಕಳ ತಲೆಗೆ ಹೋಗುತ್ತದೆ. ಇದಕ್ಕೆಂದೇ ಡಾಕ್ಯುಮೆಂಟ್ ಕ್ಯಾಮೆರಾ ಸಿಗುತ್ತದೆ, ಆದರೆ ಡ್ರಾಯರ್‌ನಲ್ಲಿ ಬಿದ್ದಿರುವ ಹಳೇ ಆಂಡ್ರಾಯ್ಡ್ ಫೋನಿನ ಹಿಂಬದಿ ಕ್ಯಾಮೆರಾ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆ್ಯಪ್ ಹಾಕಿ ಕಂಪ್ಯೂಟರ್‌ಗೆ ಚಿತ್ರ ತರುವುದು ಅರ್ಧ ಗಂಟೆಯ ಕೆಲಸ. ಉಳಿದ ಸಮಯವೆಲ್ಲ ಸ್ಟ್ಯಾಂಡು, ಬೆಳಕು, ಕೇಬಲ್ಲು, ಬಿಸಿ ಇವುಗಳಿಗೇ ಹೋಗುತ್ತದೆ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಸಿಕ್ಕಿರುವುದೂ ಅವಕ್ಕೇ.

ಮೊದಲು ಫೋನ್ ನೋಡಿ

ಹಳೇ ಫೋನಿನಲ್ಲಿ ಮೊದಲು ನೋಡಬೇಕಾದ್ದು ಬ್ಯಾಟರಿ. ಕವರ್ ತೆಗೆದು, ಗಾಜಿನ ಮೇಲೋ ಸಮತಟ್ಟಾದ ಗ್ರಾನೈಟ್ ಮೇಲೋ ಫೋನಿನ ಬೆನ್ನು ಕೆಳಗಾಗಿ ಇಟ್ಟು ಒಂದು ಮೂಲೆ ತಳ್ಳಿ. ನಡುಮಧ್ಯದ ಮೇಲೆ ನಿಂತು ಬುಗುರಿಯಂತೆ ತಿರುಗಿದರೆ, ಅಥವಾ ಪರದೆಯ ಅಂಚಿನಲ್ಲಿ ಉಗುರು ತೂರುವಷ್ಟು ಸಂದು ಕಂಡರೆ, ಬ್ಯಾಟರಿ ಉಬ್ಬಿದೆ ಎಂದರ್ಥ. (ಕ್ಯಾಮೆರಾ ಹೊರಚಾಚಿರುವ ಫೋನು ಹೇಗೂ ಅಲುಗಾಡುತ್ತದೆ, ಅದನ್ನು ಉಬ್ಬು ಎಂದುಕೊಳ್ಳಬೇಡಿ.) ಉಬ್ಬಿದ ಬ್ಯಾಟರಿ ಇರುವ ಫೋನನ್ನು ಕ್ಲಾಂಪಿನಲ್ಲಿ ಹಿಡಿಸಿ ಗಂಟೆಗಟ್ಟಲೆ ಚಾರ್ಜ್ ಮಾಡುವುದು ಬೆಂಕಿಗೆ ಆಹ್ವಾನ. ಬ್ಯಾಟರಿ ಬದಲಿಸಿ, ಇಲ್ಲವೇ ಆ ಫೋನನ್ನು ಇ-ತ್ಯಾಜ್ಯಕ್ಕೆ ಕೊಡಿ.

ಎರಡನೆಯದು ಟಚ್. ಪರದೆ ಒಡೆದಿದ್ದರೂ ನಡೆಯುತ್ತದೆ, ಆದರೆ ಟಚ್ ಕೆಲಸ ಮಾಡಬೇಕು. ಮೊದಲ ಸಲ ಕಂಪ್ಯೂಟರ್‌ಗೆ ಸಿಕ್ಕಿಸಿದಾಗ ಫೋನಿನ ಪರದೆಯ ಮೇಲೆ ಬರುವ ಅನುಮತಿಯನ್ನು ಬೆರಳಿನಿಂದಲೇ ಒತ್ತಬೇಕಾಗುತ್ತದೆ. ಮೂರನೆಯದು ಚಾರ್ಜಿಂಗ್ ಸಾಕೆಟ್. ಕೇಬಲ್ ಸಿಕ್ಕಿಸಿ ಮೆಲ್ಲಗೆ ಅಲ್ಲಾಡಿಸಿದಾಗ ಚಾರ್ಜಿಂಗ್ ಗುರುತು ಹೋಗಿ ಬಂದು ಮಾಡಿದರೆ ಪಾಠದ ನಡುವೆ ಚಿತ್ರವೂ ಹಾಗೇ ಹೋಗಿ ಬಂದು ಮಾಡುತ್ತದೆ. ಬಹಳ ಸಲ ಇದು ಸಾಕೆಟ್ಟಿನೊಳಗೆ ಜೇಬಿನ ನೂಲು, ಧೂಳು ಗಟ್ಟಿಯಾಗಿ ಕೂತಿರುವುದರಿಂದ ಆಗುವ ತೊಂದರೆ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ನಿಧಾನಕ್ಕೆ ಕೆದಕಿ ತೆಗೆದರೆ ಕೇಬಲ್ ಮತ್ತೆ ಕಟ್ ಎಂದು ಕೂರುತ್ತದೆ. ಪಿನ್ನು, ಸೂಜಿ ಬೇಡ.

ಎಷ್ಟು ಎತ್ತರ?

ಪೈಪ್ ಕತ್ತರಿಸುವ ಮುಂಚೆ ಈ ಲೆಕ್ಕ ಆಗಬೇಕು. ಬಹುತೇಕ ಫೋನುಗಳ ಮುಖ್ಯ ಲೆನ್ಸು ಹಳೇ ಫಿಲ್ಮ್ ಕ್ಯಾಮೆರಾ ಲೆಕ್ಕದಲ್ಲಿ 24ರಿಂದ 28 ಮಿ.ಮೀ. ಲೆನ್ಸಿಗೆ ಸಮ. ಅಂದರೆ ಲೆನ್ಸಿನಿಂದ ಹಾಳೆಗೆ ಎಷ್ಟು ದೂರವೋ ಅದರ ಸುಮಾರು 1.3 ಪಟ್ಟು ಅಗಲ ಚಿತ್ರದಲ್ಲಿ ಬರುತ್ತದೆ. ವಿಡಿಯೋ ತೆಗೆಯುವಾಗ ಅಲುಗಾಟ ತಡೆಯಲು ಫೋನು ಅಂಚುಗಳನ್ನು ಕತ್ತರಿಸುವುದರಿಂದ ಅದು 1.2ಕ್ಕೋ 1.1ಕ್ಕೋ ಇಳಿಯಬಹುದು. 1.2 ಎಂದಿಟ್ಟುಕೊಂಡರೆ 36 ಸೆಂ.ಮೀ. ಎತ್ತರದಿಂದ 43 ಸೆಂ.ಮೀ. ಅಗಲ, 24 ಸೆಂ.ಮೀ. ಉದ್ದದ ಜಾಗ ಕಾಣುತ್ತದೆ. ಅಡ್ಡಲಾಗಿಟ್ಟ ಎ4 ಹಾಳೆ 29.7 × 21 ಸೆಂ.ಮೀ. ಇರುವುದರಿಂದ ಅದು ಪೂರ್ತಿ ಕೂತು, ಪಕ್ಕದಲ್ಲಿ ಸ್ವಲ್ಪ ಜಾಗವೂ ಉಳಿಯುತ್ತದೆ.

ಲೆಕ್ಕ ಎಷ್ಟೇ ಇರಲಿ, ಕಣ್ಣಾರೆ ನೋಡಿಯೇ ಕತ್ತರಿಸಿ. ಮೇಜಿನ ಮೇಲೆ 30 ಸೆಂ.ಮೀ. ಸ್ಕೇಲ್ ಅಡ್ಡಲಾಗಿಡಿ. ಪುಸ್ತಕಗಳನ್ನು ಪೇರಿಸಿ, ಅದರ ತುದಿಯಿಂದ ಕ್ಯಾಮೆರಾ ಹೊರಬರುವಂತೆ ಫೋನ್ ಮಲಗಿಸಿ. ಮುಂದೆ ಬಳಸಲಿರುವ ಆ್ಯಪ್‌ನಲ್ಲೇ ಚಿತ್ರ ನೋಡಿ, ಫೋನಿನ ಮಾಮೂಲಿ ಕ್ಯಾಮೆರಾದ ಫೋಟೋ ಮೋಡಿನಲ್ಲಿ ನೋಡಬೇಡಿ. ಫೋಟೋ 4:3, ವೆಬ್‌ಕ್ಯಾಮ್ 16:9. ಎರಡರಲ್ಲೂ ಕಾಣುವ ಜಾಗ ಬೇರೆ ಬೇರೆ.

ಆದಷ್ಟೂ ಮೇಲಿಟ್ಟು ಎಲ್ಲವನ್ನೂ ತೋರಿಸೋಣ ಎಂಬ ಆಸೆ ಸಹಜ. ಅದರಿಂದ ನಷ್ಟ ಅಕ್ಷರಕ್ಕೆ. 720ಪಿ ಚಿತ್ರದ ಅಗಲ 1280 ಪಿಕ್ಸೆಲ್. 43 ಸೆಂ.ಮೀ.ಗೆ ಅದನ್ನು ಹಂಚಿದರೆ ಸೆಂಟಿಮೀಟರಿಗೆ 30 ಪಿಕ್ಸೆಲ್ ಬರುತ್ತದೆ. ಎಂಟು ಮಿ.ಮೀ. ಎತ್ತರದ ಅಕ್ಷರಕ್ಕೆ 24 ಪಿಕ್ಸೆಲ್, ಅದರ ಕೆಳಗಿನ ಮೂರು ಮಿ.ಮೀ. ಒತ್ತಿಗೆ ಬರೀ 9 ಪಿಕ್ಸೆಲ್. ಇಂಗ್ಲಿಷ್ ಬರೆಯುವವರಿಗೆ ಈ ಚಿತ್ರ ಧಾರಾಳವಾಗಿ ಸಾಕು, ಕನ್ನಡಕ್ಕೆ ಸಾಲದು. ಮೀಟಿಂಗ್ ಆ್ಯಪ್ ವಿಡಿಯೋವನ್ನು ಇನ್ನಷ್ಟು ಹಿಂಡಿದ ಮೇಲೆ ‘ಕ್ತ’ ಯಾವುದು, ‘ಕ್ರ’ ಯಾವುದು ಎಂದು ಆ ಕಡೆ ಕೂತವರು ಊಹಿಸಬೇಕಾಗುತ್ತದೆ. ಎತ್ತರವನ್ನು 25 ಸೆಂ.ಮೀ.ಗೆ ಇಳಿಸಿ 30 ಸೆಂ.ಮೀ. ಅಗಲವನ್ನಷ್ಟೇ ತೋರಿಸಿದರೆ ಅದೇ 720ಪಿಯಲ್ಲಿ ಸೆಂಟಿಮೀಟರಿಗೆ 43 ಪಿಕ್ಸೆಲ್ ಸಿಗುತ್ತದೆ. ಮಾಮೂಲಿ ನೋಟ್‌ಬುಕ್ಕಿನ ಒಂದು ಪುಟಕ್ಕೆ ಈ ಅಗಲ ಸಾಕು. ಪೆನ್ನೂ ಮುಖ್ಯ. 0.5 ಮಿ.ಮೀ. ಗೆರೆ ಮೊದಲ ಲೆಕ್ಕದಲ್ಲಿ ಒಂದೂವರೆ ಪಿಕ್ಸೆಲ್ ದಪ್ಪ, 1 ಮಿ.ಮೀ. ಜೆಲ್ ಪೆನ್ನಿನ ಗೆರೆ ಮೂರು ಪಿಕ್ಸೆಲ್. ದಪ್ಪ ತುದಿಯ ಕಪ್ಪು ಪೆನ್ನು ಕೊಳ್ಳುವುದು ಹೊಸ ಫೋನ್ ಕೊಳ್ಳುವುದಕ್ಕಿಂತ ಒಳ್ಳೆಯ ಅಪ್‌ಗ್ರೇಡ್.

ಸ್ಟ್ಯಾಂಡ್

ವೈರಿಂಗಿಗೆ ಬಳಸುವ ತೆಳು ಕಾಂಡ್ಯುಯಿಟ್ ಪೈಪು ಅಗ್ಗ, ಆದರೆ ಬಾಗುತ್ತದೆ. ಮೇಜಿಗೆ ಮೊಣಕೈ ತಾಗಿದರೆ ಸಾಕು, ಚಿತ್ರ ತೂಗಾಡುತ್ತದೆ. ಪ್ಲಂಬಿಂಗ್‌ಗೆ ಬಳಸುವ ಮುಕ್ಕಾಲಿಂಚಿನ ಪಿವಿಸಿ ಪೈಪನ್ನೇ ತನ್ನಿ. ಅದರ ಗೋಡೆ ದಪ್ಪ. ಎಲ್ಬೋ (ಮೊಣಕೈಯಂತೆ ಬಾಗಿದ ಜೋಡಣೆ), ಟೀ (ಮೂರು ಬಾಯಿಯ ಜೋಡಣೆ), ಎಂಡ್ ಕ್ಯಾಪ್ (ತುದಿಯ ಮುಚ್ಚಳ) ಎಲ್ಲ ಒಂದೇ ಅಂಗಡಿಯಲ್ಲಿ ಸಿಗುತ್ತವೆ. ಒಟ್ಟು ಬೇಕಾದ್ದು ಸುಮಾರು 1.7 ಮೀಟರ್ ಪೈಪು, ಮೂರು ಎಲ್ಬೋ, ಒಂದು ಟೀ, ಮೂರು ಎಂಡ್ ಕ್ಯಾಪ್, ಕಾಲಿಂಚು ದಪ್ಪದ ಮುಕ್ಕಾಲಿಂಚು ಉದ್ದದ ಒಂದು ಬೋಲ್ಟು, ಅದಕ್ಕೆ ಒಂದು ನಟ್ಟು, ನಾಲ್ಕು ವಾಷರ್, ಮತ್ತು ಟ್ರೈಪಾಡಿಗೆ ಸಿಕ್ಕಿಸುವ ಮಾಮೂಲಿ ಮೊಬೈಲ್ ಹೋಲ್ಡರ್.

ಕತ್ತರಿಸಬೇಕಾದ ಅಳತೆ: ಕಾಲುಗಳಿಗೆ 32 ಸೆಂ.ಮೀ.ಯ ಎರಡು ತುಂಡು, ಹಿಂದಿನ ಅಡ್ಡಪಟ್ಟಿಗೆ 20 ಸೆಂ.ಮೀ.ಯ ಎರಡು, ನಿಲುವಿಗೆ 38 ಸೆಂ.ಮೀ.ಯ ಒಂದು, ಮೇಲಿನ ತೋಳಿಗೆ 24 ಸೆಂ.ಮೀ.ಯ ಒಂದು. ಅಡ್ಡಪಟ್ಟಿಯ ಎರಡು ತುಂಡುಗಳ ನಡುವೆ ಟೀ ಕೂತು ಅದರ ಬಾಯಿ ಮೇಲಕ್ಕೆ ನೋಡುತ್ತದೆ. ಎರಡು ತುದಿಗೆ ಎಲ್ಬೋ, ಅಲ್ಲಿಂದ ಕಾಲುಗಳು ಬರೆಯುವವರ ಕಡೆಗೆ ಚಾಚುತ್ತವೆ. ಟೀ ಬಾಯಿಯಲ್ಲಿ ನಿಲುವು, ಅದರ ನೆತ್ತಿಯಲ್ಲಿ ಮೂರನೇ ಎಲ್ಬೋ, ಅದರಿಂದ ಕಾಲುಗಳ ದಿಕ್ಕಿಗೇ ತೋಳು. ಹಾಳೆ ಎರಡು ಕಾಲುಗಳ ನಡುವೆ ಬರುತ್ತದೆ, ಬರೆಯುವ ಕೈಗೆ ಮುಂದಿನ ಕಡೆ ಪೂರ್ತಿ ತೆರೆದಿರುತ್ತದೆ. ನಿಲುವನ್ನು ಬೇಕಾದ್ದಕ್ಕಿಂತ ಒಂದೆರಡು ಸೆಂ.ಮೀ. ಉದ್ದವಾಗಿಯೇ ಕತ್ತರಿಸಿ. ಆಮೇಲೆ ಕುಯ್ದು ಗಿಡ್ಡ ಮಾಡುವುದು ಸುಲಭ, ಉದ್ದ ಮಾಡಲು ಕಪ್ಲರ್ ಹಾಕಬೇಕಾಗುತ್ತದೆ.

ಫೋನ್ ತೂಗುವ ಜಾಗ ಕಾಲುಗಳ ತುದಿಯನ್ನು ದಾಟಬಾರದು, ಸ್ಟ್ಯಾಂಡ್ ಮುಗ್ಗರಿಸದಿರಲು ಇದೊಂದು ನಿಯಮ ಸಾಕು. ತೋಳು 24 ಸೆಂ.ಮೀ., ಹೋಲ್ಡರಿನ ದಪ್ಪ ಮತ್ತು ಫೋನಿನ ಅರ್ಧ ಅಗಲ ಸೇರಿ ಇನ್ನೊಂದು 6 ಸೆಂ.ಮೀ., ಒಟ್ಟು 30. ಕಾಲು 32. ದೊಡ್ಡ ಫೋನಾದರೆ ಕಾಲುಗಳನ್ನು ಇನ್ನೂ 3 ಸೆಂ.ಮೀ. ಉದ್ದ ಮಾಡಿ. ಕಾಲುಗಳ ತುದಿಗೆ ಕ್ಯಾಪ್ ಹಾಕುವ ಮುಂಚೆ ಒಣ ಮರಳು ತುಂಬಿದರೆ ಸ್ಟ್ಯಾಂಡ್ ಕದಲುವುದಿಲ್ಲ. ಒದ್ದೆ ಮರಳು ಬೇಡ, ಗಮ್ ಹಿಡಿಯುವುದಿಲ್ಲ.

ಇನ್ನು ಫೋನ್ ಹಿಡಿಯುವ ತುದಿ. ಮೊಬೈಲ್ ಹೋಲ್ಡರಿನ ತಳದಲ್ಲಿರುವ ತೂತಿನ ದಿಕ್ಕೂ ಫೋನಿನ ಉದ್ದದಂಚಿನಿಂದ ಉದ್ದದಂಚಿಗೆ ಹೋಗುವ ದಿಕ್ಕೂ ಒಂದೇ. ಬೋಲ್ಟನ್ನು ತೋಳಿನಿಂದ ಕೆಳಮುಖವಾಗಿ ಇಳಿಬಿಟ್ಟರೆ ಫೋನು ಗೋಡೆ ನೋಡುತ್ತಾ ನೇತಾಡುತ್ತದೆ, ಹಾಳೆ ನೋಡುವುದಿಲ್ಲ. ಅದಕ್ಕೇ ಬೋಲ್ಟು ತೋಳಿನ ಉದ್ದಕ್ಕೆ, ಎಂಡ್ ಕ್ಯಾಪಿನ ಮಧ್ಯದಿಂದ ಹೊರಗೆ ಬರಬೇಕು. ಕ್ಯಾಪಿನ ತಲೆ ಗುಮ್ಮಟದಂತಿದ್ದರೆ ಅರದಿಂದ ಚಪ್ಪಟೆ ಮಾಡಿ, ನಟ್ಟನಡುವೆ 6.5 ಮಿ.ಮೀ. ಡ್ರಿಲ್ ಬಿಟ್‌ನಿಂದ ತೂತು ಕೊರೆಯಿರಿ. ಒಳಗಿನಿಂದ ವಾಷರ್ ಹಾಕಿದ ಬೋಲ್ಟು, ಹೊರಗೆ ಇನ್ನೊಂದು ವಾಷರ್, ನಟ್ಟು. ನಟ್ಟು ಬಿಗಿದ ಮೇಲೆ ಹೊರಗೆ ಉಳಿಯುವ ಮರೆ (ತಿರುಪಿನ ಸುತ್ತುಗಳಿರುವ ಭಾಗ) ನಾಲ್ಕೂವರೆಯಿಂದ ಐದು ಮಿ.ಮೀ. ಇರಬೇಕು. ಹೆಚ್ಚಿದ್ದರೆ ಬೋಲ್ಟು ಹೋಲ್ಡರಿನ ತೂತಿನ ತಳಕ್ಕೆ ತಾಗಿ ನಿಂತು, ಎಷ್ಟು ತಿರುಗಿಸಿದರೂ ಹೋಲ್ಡರ್ ಲೊಡಲೊಡ ಎನ್ನುತ್ತದೆ. ಮಿಕ್ಕ ಎರಡು ವಾಷರ್ ಇರುವುದು ಆ ಉದ್ದ ತಗ್ಗಿಸಲಿಕ್ಕೆ. ಕ್ಯಾಪನ್ನು ತೋಳಿಗೆ ಕೂರಿಸುವ ಮುಂಚೆ ಈ ಕೆಲಸ ಮುಗಿದಿರಬೇಕು. ಕೂರಿಸಿದ ಮೇಲೆ ಬೋಲ್ಟಿನ ತಲೆಗೆ ಸ್ಪ್ಯಾನರ್ ಹೋಗುವುದಿಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲಿಂಚಿನ ಬೋಲ್ಟು ಕೇಳಿದರೆ ಎಷ್ಟೋ ಸಲ ಎಂ6 ಕೈಗೆ ಬರುತ್ತದೆ. ನೋಡಲು ಎರಡೂ ಒಂದೇ. ಎಂ6ರ ದಪ್ಪ 6 ಮಿ.ಮೀ., ಮರೆಗಳ ಅಂತರ 1 ಮಿ.ಮೀ. ಟ್ರೈಪಾಡಿನ ಕಾಲಿಂಚಿನ ಮರೆಯ ದಪ್ಪ 6.35, ಅಂತರ 1.27. ಎಂ6 ಸಡಿಲವಾಗಿ ಒಳಹೋಗಿ ಎರಡು ಸುತ್ತಿಗೆ ಹಿಡಿದಂತೆ ತೋರುತ್ತದೆ, ಬಿಗಿದರೆ ಹೋಲ್ಡರಿನ ಪ್ಲಾಸ್ಟಿಕ್ ಮರೆಯನ್ನು ತಿಂದುಹಾಕುತ್ತದೆ. ಹೋಲ್ಡರನ್ನೇ ಅಂಗಡಿಗೆ ಒಯ್ದು ಹಾಕಿ ನೋಡಿ ತನ್ನಿ. ಇಂಚಿಗೆ 20 ಮರೆ ಇರುವ ಹಳೇ ವಿಟ್‌ವರ್ತ್ ಕಾಲಿಂಚಿನ ಬೋಲ್ಟು ಸಿಕ್ಕರೆ ಧೈರ್ಯವಾಗಿ ಬಳಸಬಹುದು. ಮರೆಯ ಕೋನದಲ್ಲಿ ಅಲ್ಪ ವ್ಯತ್ಯಾಸ ಇದ್ದರೂ ಈ ತೂಕಕ್ಕೆ ಅದು ಲೆಕ್ಕಕ್ಕಿಲ್ಲ.

ಸಾಲ್ವೆಂಟ್ ಸಿಮೆಂಟನ್ನು (ಪಿವಿಸಿ ಪೈಪಿನ ಗಮ್) ತಳದ ಕೂಡುಗಳಿಗೆ ಮಾತ್ರ ಹಚ್ಚಿ. ಅದು ಕೆಲವೇ ಸೆಕೆಂಡಿನಲ್ಲಿ ಹಿಡಿಯುವುದರಿಂದ, ಟೀ ನೆಟ್ಟಗೆ ಮೇಲೆ ನೋಡುತ್ತಿದೆಯೇ ಎಂದು ಒಣದಾಗಿಯೇ ಜೋಡಿಸಿ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ನಿಲುವಿನ ಬುಡ ಮತ್ತು ಮೇಲಿನ ಎಲ್ಬೋಗೆ ಗಮ್ ಬೇಡ, ಒಂದೊಂದು ಸಣ್ಣ ಸ್ವಯಂಕೊರೆಯುವ ಸ್ಕ್ರೂ ಸಾಕು. ಬಿಚ್ಚಿ ಬೀರುವಿನ ಮೇಲಿಡಬಹುದು, ಎತ್ತರ ಬದಲಿಸಲೂಬಹುದು. ತೋಳಿನ ತುದಿಯ ಕ್ಯಾಪಿಗೂ ಸ್ಕ್ರೂವೇ ಇರಲಿ.

ಫೋನ್ ಕೂರಿಸುವಾಗ ಒಂದು ವಿಷಯ: ಕ್ಯಾಮೆರಾ ಫೋನಿನ ಮಧ್ಯದಲ್ಲಿರುವುದಿಲ್ಲ, ಒಂದು ತುದಿಗೆ ಆರೇಳು ಸೆಂ.ಮೀ. ಸರಿದಿರುತ್ತದೆ. ಹಾಳೆಯ ನಡುಗೆರೆಗೆ ಬರಬೇಕಾದ್ದು ಲೆನ್ಸು, ಹೋಲ್ಡರಲ್ಲ. ಹೋಲ್ಡರಿನ ದವಡೆ ಫೋನಿನ ಪವರ್, ವಾಲ್ಯೂಮ್ ಬಟನ್ನುಗಳ ಮೇಲೆ ಕೂರದಂತೆಯೂ ನೋಡಿಕೊಳ್ಳಿ. ಪವರ್ ಬಟನ್ ಒತ್ತಿಕೊಂಡೇ ಇದ್ದರೆ ಫೋನು ತನ್ನಷ್ಟಕ್ಕೆ ರೀಸ್ಟಾರ್ಟ್ ಆಗುತ್ತಿರುತ್ತದೆ, ಕಾರಣ ಹುಡುಕುವುದರೊಳಗೆ ಸಾಕುಬೇಕಾಗುತ್ತದೆ.

ಕಂಪ್ಯೂಟರ್‌ಗೆ ಚಿತ್ರ ತರುವುದು

ಯಾವ ಫೋನು, ಯಾವ ಕಂಪ್ಯೂಟರು ಎಂಬುದರ ಮೇಲೆ ದಾರಿ ಬೇರೆ. ಐಫೋನ್ ಮತ್ತು ಮ್ಯಾಕ್ ಎರಡೂ ಇದ್ದವರಿಗೆ ಏನೂ ಹಾಕುವ ಕೆಲಸವಿಲ್ಲ. ಐಫೋನ್ ಎಕ್ಸ್‌ಆರ್ ಅಥವಾ ನಂತರದ್ದರಲ್ಲಿ ಐಓಎಸ್ 16, ಮ್ಯಾಕ್‌ನಲ್ಲಿ 2022ರ ವೆಂಚುರಾ ಅಥವಾ ಮೇಲಿನದು, ಎರಡರಲ್ಲೂ ಒಂದೇ ಆಪಲ್ ಖಾತೆ ಇದ್ದರೆ ಫೋನು ಕ್ಯಾಮೆರಾ ಪಟ್ಟಿಯಲ್ಲಿ ತಾನಾಗಿ ಬರುತ್ತದೆ. ಗೂಗಲ್ ಪಿಕ್ಸೆಲ್ 6 ಮತ್ತು ನಂತರದವುಗಳಿಗೆ 2023ರ ಡಿಸೆಂಬರ್ ಅಪ್‌ಡೇಟಿನಿಂದ, ಆಂಡ್ರಾಯ್ಡ್ 14ರಲ್ಲಿ, ಕೇಬಲ್ ಸಿಕ್ಕಿಸಿ ಯುಎಸ್‌ಬಿ ಆಯ್ಕೆಗಳಲ್ಲಿ ‘ವೆಬ್‌ಕ್ಯಾಮ್’ ಒತ್ತಿದರೆ ಮುಗಿಯಿತು. ಕಂಪ್ಯೂಟರಿಗೆ ಅದು ಅಂಗಡಿಯಿಂದ ತಂದ ವೆಬ್‌ಕ್ಯಾಮಿನಂತೆಯೇ ಕಾಣುತ್ತದೆ, ಲಿನಕ್ಸ್‌ನಲ್ಲೂ. ಬೇರೆ ಕಂಪನಿಯ ಫೋನಾದರೂ ಕೇಬಲ್ ಸಿಕ್ಕಿಸಿ ಆ ಆಯ್ಕೆ ಇದೆಯೇ ಎಂದು ಮೊದಲು ನೋಡಿ. ವಿಂಡೋಸ್ 11ರಲ್ಲಿ ಫೋನ್ ಲಿಂಕ್ ಮೂಲಕ ನಿಸ್ತಂತುವಾಗಿ ಫೋನಿನ ಕ್ಯಾಮೆರಾ ಬಳಸಬಹುದು. ಒಂದೆರಡು ನಿಮಿಷದ ಕರೆಗೆ ಅದು ಸರಿ, ಒಂದು ಗಂಟೆಯ ಪಾಠಕ್ಕೆ ಕೇಬಲ್ಲೇ ವಾಸಿ.

ಡ್ರಾಯರಿನಲ್ಲಿರುವ ಹಳೇ ಫೋನುಗಳಿಗೆ ಉಳಿಯುವುದು ಡ್ರಾಯ್ಡ್‌ಕ್ಯಾಮ್‌ನಂಥ ಆ್ಯಪ್. ಫೋನಿನಲ್ಲಿ ಆ್ಯಪ್, ಕಂಪ್ಯೂಟರಿನಲ್ಲಿ ಅದರ ಜೊತೆಗಾರ ಸಾಫ್ಟ್‌ವೇರ್ ಎರಡೂ ಬೇಕು. ಕೇಬಲ್ಲಿನಲ್ಲಿ ಚಿತ್ರ ತರಲು ಯುಎಸ್‌ಬಿ ಡಿಬಗಿಂಗ್, ಅಂದರೆ ಕೇಬಲ್ ಮೂಲಕ ಕಂಪ್ಯೂಟರು ಫೋನಿಗೆ ಆಜ್ಞೆ ಕೊಡಲು ಬಿಡುವ ಸೆಟ್ಟಿಂಗ್, ಆನ್ ಮಾಡಬೇಕು. ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ತಟ್ಟಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಶವೋಮಿ ಫೋನುಗಳಲ್ಲಿ ತಟ್ಟಬೇಕಾದ್ದು ಎಂಐಯುಐ ವರ್ಷನ್ ಮೇಲೆ, ಸ್ಯಾಮ್‌ಸಂಗ್‌ನಲ್ಲಿ ಬಿಲ್ಡ್ ನಂಬರ್ ‘ಸಾಫ್ಟ್‌ವೇರ್ ಇನ್ಫರ್ಮೇಷನ್’ ಒಳಗೆ ಅಡಗಿರುತ್ತದೆ. ಡಿಬಗಿಂಗ್ ಆನ್ ಮಾಡಿ ಕೇಬಲ್ ಸಿಕ್ಕಿಸಿದಾಗ ಫೋನಿನಲ್ಲಿ ಅನುಮತಿ ಕೇಳುತ್ತದೆ. ‘ಯಾವಾಗಲೂ’ ಎಂಬ ಚೌಕಕ್ಕೆ ಗುರುತು ಹಾಕಿಯೇ ಒಪ್ಪಿ.

ಅನುಮತಿ ಕೇಳುವ ಚೌಕ ಬರಲೇ ಇಲ್ಲವೆಂದರೆ ಮೊದಲ ಅನುಮಾನ ಕೇಬಲ್ ಮೇಲೆ. ಬರೀ ಚಾರ್ಜಿಂಗಿಗೆಂದು ಮಾಡಿದ ಕೇಬಲ್ಲುಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಫೋನು ಚಾರ್ಜ್ ಆಗುತ್ತದೆ, ಕಂಪ್ಯೂಟರಿಗೆ ಮಾತ್ರ ಸುದ್ದಿಯೇ ಇರುವುದಿಲ್ಲ. ಫೋಟೋ ಕಾಪಿ ಮಾಡಲು ಹಿಂದೆ ಬಳಸಿದ ಕೇಬಲ್ ಹುಡುಕಿ ತೆಗೆಯಿರಿ. ಕೇಬಲ್ ಸರಿಯಿದ್ದರೆ ಫೋನಿನ ಯುಎಸ್‌ಬಿ ಮೋಡನ್ನು ‘ಫೈಲ್ ಟ್ರಾನ್ಸ್‌ಫರ್’ಗೆ ಬದಲಿಸಿ ನೋಡಿ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಕಂಡರೆ ಫೋನ್ ಕಂಪನಿಯ ಯುಎಸ್‌ಬಿ ಡ್ರೈವರ್ ಹಾಕಬೇಕು. ಅದೇ ಕಂಪ್ಯೂಟರಿನಲ್ಲಿ ಆಂಡ್ರಾಯ್ಡ್ ಸ್ಟುಡಿಯೋ (ಆ್ಯಪ್ ತಯಾರಿಸುವವರ ಸಾಫ್ಟ್‌ವೇರ್) ಓಡುತ್ತಿದ್ದರೆ ಎರಡು ಬೇರೆ ಆವೃತ್ತಿಯ ಎಡಿಬಿಗಳು (ಡಿಬಗಿಂಗ್ ಮೂಲಕ ಫೋನಿನೊಡನೆ ಮಾತಾಡುವ ಪ್ರೋಗ್ರಾಂ) ಒಂದನ್ನೊಂದು ಕೊಂದು ಚಿತ್ರ ಪದೇಪದೇ ಕಡಿಯುತ್ತದೆ. ಸ್ಟುಡಿಯೋ ಮುಚ್ಚಿ.

ದಿನಬಳಕೆಯ ಫೋನನ್ನೇ ಕ್ಯಾಮೆರಾ ಮಾಡುವವರಿಗೆ ಡಿಬಗಿಂಗ್ ತಲೆನೋವು. ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ. ಅಂಥವರು ಯುಎಸ್‌ಬಿ ಟೆದರಿಂಗ್ ಬಳಸಬಹುದು. ಕೇಬಲ್ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿದರೆ ಫೋನಿಗೂ ಕಂಪ್ಯೂಟರಿಗೂ ಕೇಬಲ್ಲಿನಲ್ಲೇ ಒಂದು ಪುಟ್ಟ ನೆಟ್‌ವರ್ಕ್ ಆಗುತ್ತದೆ. ಆಗ ಕಂಪ್ಯೂಟರಿನ ಸಾಫ್ಟ್‌ವೇರಿನಲ್ಲಿ ವೈಫೈ ಆಯ್ಕೆಯನ್ನೇ ಆರಿಸಿ, ಆ ನೆಟ್‌ವರ್ಕಿನಲ್ಲಿ ಫೋನಿಗಿರುವ ವಿಳಾಸ ಮತ್ತು, ಡ್ರಾಯ್ಡ್‌ಕ್ಯಾಮ್ ಆದರೆ, 4747 ಎಂಬ ಪೋರ್ಟ್ ಕೊಡಿ. ವಿಳಾಸ ಗೊತ್ತಾಗದಿದ್ದರೆ ಕಂಪ್ಯೂಟರಿನ ನೆಟ್‌ವರ್ಕ್ ವಿವರದಲ್ಲಿ ಆ ಸಂಪರ್ಕದ ಡೀಫಾಲ್ಟ್ ಗೇಟ್‌ವೇ ನೋಡಿ, ಅದೇ ಫೋನು. ಒಂದೇ ಎಚ್ಚರಿಕೆ, ಕಂಪ್ಯೂಟರು ತನ್ನ ಇಂಟರ್ನೆಟ್ಟನ್ನೂ ಫೋನಿನ ಮೂಲಕವೇ ಎಳೆಯಲು ಶುರುಮಾಡಬಹುದು. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿಡಿ.

ವೈಫೈನಲ್ಲಿ ತರಲೇಬೇಕೆಂದರೆ 5 ಗಿಗಾಹರ್ಟ್ಸ್ ಬಳಸಿ. ಹಾಸ್ಟೆಲ್, ಕಾಲೇಜು, ಆಫೀಸಿನ ವೈಫೈಗಳಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ತಡೆ ಇರುವುದುಂಟು. ಎರಡೂ ಒಂದೇ ವೈಫೈನಲ್ಲಿದ್ದು, ವಿಳಾಸ ಸರಿಯಿದ್ದೂ ಸಂಪರ್ಕ ಆಗದಿದ್ದರೆ ಕಾರಣ ಬಹುಶಃ ಅದೇ.

ಇಷ್ಟು ಚಿತ್ರ ಸಾಗಿಸುವ ಸಾಮರ್ಥ್ಯ ಕೇಬಲ್ಲಿಗೆ ಇದೆಯೇ ಎಂಬ ಪ್ರಶ್ನೆ ಬರಬಹುದು. 1080ಪಿ ಚಿತ್ರವನ್ನು ಹಿಂಡದೆ ಸೆಕೆಂಡಿಗೆ 30ರಂತೆ ಕಳಿಸಿದರೆ, ಪಿಕ್ಸೆಲ್ಲಿಗೆ ಎರಡು ಬೈಟಿನ ಲೆಕ್ಕದಲ್ಲಿ ಸೆಕೆಂಡಿಗೆ 124 ಮೆಗಾಬೈಟ್, ಅಂದರೆ ಸುಮಾರು 1000 ಮೆಗಾಬಿಟ್. ಯುಎಸ್‌ಬಿ 2.0ರ ಮಿತಿ 480. ಆದರೆ ಫೋನು ಚಿತ್ರವನ್ನು ಮೊದಲೇ ಹಿಂಡಿ ಕಳಿಸುವುದರಿಂದ ಹಳೇ ಕೇಬಲ್ಲೂ ಹಳೇ ಪೋರ್ಟೂ ಸಾಕಾಗುತ್ತವೆ. ಹಿಂಡುವ ಆ ಕೆಲಸವೇ ಫೋನನ್ನು ಬಿಸಿ ಮಾಡುವುದು.

ಬಿಸಿ ಮತ್ತು ಚಾರ್ಜು

ಯುಎಸ್‌ಬಿ 2.0 ಪೋರ್ಟು ಕೊಡುವುದು 500 ಮಿಲಿಆಂಪ್, ಅಂದರೆ ಎರಡೂವರೆ ವ್ಯಾಟ್. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟು 900 ಮಿಲಿಆಂಪ್, ನಾಲ್ಕೂವರೆ ವ್ಯಾಟ್. ಕ್ಯಾಮೆರಾ, ಹಿಂಡುವ ಚಿಪ್ಪು, ಪರದೆ ಮೂರೂ ಓಡುವಾಗ ಎರಡೂವರೆ ವ್ಯಾಟ್ ಸಾಲದೆ, ಚಾರ್ಜಿಂಗ್ ಗುರುತು ಇದ್ದೂ ಬ್ಯಾಟರಿ ಇಳಿಯುತ್ತಾ ಹೋಗುತ್ತದೆ. ನೀಲಿ ಪೋರ್ಟಿಗೆ ಹಾಕಿ, ಇಲ್ಲವೇ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಬಳಸಿ. ಪರದೆಯ ಬೆಳಕನ್ನು ಪೂರ್ತಿ ತಗ್ಗಿಸುವುದರಿಂದಲೇ ಬಹಳಷ್ಟು ಉಳಿಯುತ್ತದೆ.

ಚಾರ್ಜನ್ನು 80ಕ್ಕೆ ನಿಲ್ಲಿಸುವ ಆಯ್ಕೆ ಫೋನಿನಲ್ಲಿದ್ದರೆ ಆನ್ ಮಾಡಿ. ಪೂರ್ತಿ ತುಂಬಿದ ಲಿಥಿಯಂ ಬ್ಯಾಟರಿಯನ್ನು ಬಿಸಿಯಲ್ಲೇ ಇಟ್ಟಿರುವುದು ಅದು ಉಬ್ಬಲು ಹತ್ತಿರದ ದಾರಿ. ಪಾಠ ಮುಗಿದ ಮೇಲೂ ಕೇಬಲ್ ಸಿಕ್ಕಿಸಿಯೇ ಬಿಡುವ ಅಭ್ಯಾಸ ಬೇಡ.

ಡಿಬಗಿಂಗ್ ಆನ್ ಇದ್ದಾಗ ಬಿಸಿಯನ್ನು ಅಂದಾಜಿನಲ್ಲಿ ಬಿಡಬೇಕಿಲ್ಲ. ಕಂಪ್ಯೂಟರಿನಲ್ಲಿ ಎಡಿಬಿ ಶೆಲ್‌ಗೆ ‘ಡಂಪ್‌ಸಿಸ್ ಬ್ಯಾಟರಿ’ ಎಂಬ ಆಜ್ಞೆ (adb shell dumpsys battery) ಕೊಟ್ಟರೆ ಬರುವ ಸಾಲುಗಳಲ್ಲಿ ಟೆಂಪರೇಚರ್ ಒಂದು. ಅಲ್ಲಿ 385 ಎಂದಿದ್ದರೆ 38.5 ಡಿಗ್ರಿ, ಹತ್ತರಿಂದ ಭಾಗಿಸಬೇಕು. ನಲವತ್ತರೊಳಗೆ ನಿಂತರೆ ಚಿಂತೆಯಿಲ್ಲ. ನಲವತ್ತೈದರತ್ತ ಏರುತ್ತಿದ್ದರೆ ಏನಾದರೂ ತಗ್ಗಿಸಲೇಬೇಕು: ಕವರ್ ತೆಗೆಯಿರಿ, 1080ಪಿಯಿಂದ 720ಪಿಗೆ ಇಳಿಸಿ, ಸೆಕೆಂಡಿಗೆ 30 ಚಿತ್ರದ ಬದಲು 24ಕ್ಕೋ 15ಕ್ಕೋ ಇಳಿಸಿ. ಹಾಳೆಯ ಮೇಲೆ ಬರೆಯುವುದನ್ನು ತೋರಿಸಲು 15 ಸಾಕು. ಏಪ್ರಿಲ್‌ನ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಕೋಣೆಯೇ ನಲವತ್ತರ ಹತ್ತಿರ ಇರುವಾಗ ಫೋನಿನ ಮೇಲೆ ನೇರ ಗಾಳಿ ಬೀಳುವಂತೆ ಒಂದು ಟೇಬಲ್ ಫ್ಯಾನ್ ಇಡುವುದೇ ಪರಿಹಾರ. ಫ್ಯಾನನ್ನು ಬೇರೆ ಸ್ಟೂಲಿನ ಮೇಲಿಡಿ. ಅದೇ ಮೇಜಿನ ಮೇಲಿಟ್ಟರೆ ನಡುಕ ಪೈಪು ಹತ್ತಿ ಚಿತ್ರಕ್ಕೆ ಬರುತ್ತದೆ.

ಬೆಳಕು

ಚಿತ್ರದಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಹರಿಯುತ್ತಿದ್ದರೆ ಫೋನ್ ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಬಲ್ಬು ಅದಕ್ಕೆ ತಕ್ಕಂತೆ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಕ್ಯಾಮೆರಾದ ಶಟರ್ 1/50 ಅಥವಾ 1/100 ಸೆಕೆಂಡ್ ಇದ್ದರೆ ಪ್ರತಿ ಸಾಲಿಗೂ ಸಮಾನ ಬೆಳಕು ಸಿಗುತ್ತದೆ. 1/60 ಅಥವಾ 1/240 ಆದರೆ ಕೆಲವು ಸಾಲಿಗೆ ಹೆಚ್ಚು, ಕೆಲವಕ್ಕೆ ಕಡಿಮೆ. ಆ್ಯಪ್‌ನಲ್ಲಿ ಆಂಟಿಬ್ಯಾಂಡಿಂಗ್ ಅಥವಾ ಫ್ಲಿಕರ್ ಎಂಬ ಆಯ್ಕೆ ಇದ್ದರೆ 50 ಹರ್ಟ್ಸ್‌ಗೆ ಇಡಿ. ಇಲ್ಲದಿದ್ದರೆ ಬಲ್ಬು ಬದಲಿಸಿ. ಒಳ್ಳೇ ಬಲ್ಬು ಗುರುತಿಸಲು ಕತ್ತಲ ಕೋಣೆಯಲ್ಲಿ ಅದರ ಕೆಳಗೆ ಬಿಳೀ ಪೆನ್ನೊಂದನ್ನು ಜೋರಾಗಿ ಅತ್ತಿತ್ತ ಆಡಿಸಿ. ಪೆನ್ನು ಒಂದೇ ಮಸುಕು ಬೀಸಣಿಗೆಯಾಗಿ ಕಂಡರೆ ಬಲ್ಬು ಸರಿ, ಬಿಡಿಬಿಡಿ ಪೆನ್ನುಗಳಾಗಿ ಕಂಡರೆ ಮಿಣುಕುವ ಬಲ್ಬು.

ಟ್ಯೂಬ್‌ಲೈಟು ಸೀಲಿಂಗ್ ಫ್ಯಾನಿನ ಮೇಲ್ಗಡೆ ಇರುವ ಕೋಣೆಗಳಲ್ಲಿ ಇನ್ನೊಂದು ಕಾಟ, ರೆಕ್ಕೆಯ ನೆರಳು ಹಾಳೆಯ ಮೇಲೆ ಸುತ್ತುತ್ತದೆ. ಕ್ಯಾಮೆರಾ ಅದನ್ನು ಕಣ್ಣಿಗಿಂತ ಹೆಚ್ಚು ಎತ್ತಿ ತೋರಿಸುತ್ತದೆ. ಆ ಲೈಟು ಆರಿಸಿ, ಮೇಜಿನ ದೀಪ ಹಚ್ಚಿ. ಬಲಗೈಯಲ್ಲಿ ಬರೆಯುವವರಿಗೆ ದೀಪ ಎಡಕ್ಕೆ, ಹಾಳೆಯಿಂದ 45 ಡಿಗ್ರಿಯಷ್ಟು ಎತ್ತರದಲ್ಲಿ ಇರಲಿ. ನೇರ ಮೇಲಿಟ್ಟರೆ ಫೋನಿನ ನೆರಳೇ ಹಾಳೆಯ ಮೇಲೆ ಬೀಳುತ್ತದೆ, ನುಣುಪು ಕಾಗದವಾದರೆ ಬಲ್ಬಿನ ಪ್ರತಿಬಿಂಬವೂ ಬರುತ್ತದೆ. 9 ವ್ಯಾಟಿನ ಬಲ್ಬಿನ ಮುಂದೆ ಒಂದು ಬಟರ್ ಪೇಪರ್ ಕಟ್ಟಿದರೆ ಕೈಯ ನೆರಳಿನ ಅಂಚು ಮೆತ್ತಗಾಗುತ್ತದೆ.

ಬಿಳೀ ಹಾಳೆ ಕಂಡ ಕ್ಯಾಮೆರಾ ‘ಬೆಳಕು ಜಾಸ್ತಿಯಾಯಿತು’ ಎಂದುಕೊಂಡು ಚಿತ್ರವನ್ನು ಮಂಕು ಮಾಡುತ್ತದೆ. ಹಾಳೆ ಬೂದಿ ಬಣ್ಣ, ಕೈ ಕರ್ರಗೆ. ಎಕ್ಸ್‌ಪೋಷರನ್ನು (ಚಿತ್ರದ ಬೆಳಕಿನ ಮಟ್ಟ) ಮುಕ್ಕಾಲರಿಂದ ಒಂದು ಹೆಜ್ಜೆ ಏರಿಸಿ, ಅಲ್ಲೇ ಲಾಕ್ ಮಾಡಿ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಕೂಡ ಲಾಕ್ ಆಗಬೇಕು, ಇಲ್ಲದಿದ್ದರೆ ಕೈ ಒಳಗೆ ಬಂದಾಗಲೆಲ್ಲ ಹಾಳೆ ನೀಲಿಗೆ ತಿರುಗುತ್ತದೆ. ಫೋಕಸ್ ಎಲ್ಲಕ್ಕಿಂತ ಮುಖ್ಯ. ಆಟೋ ಇದ್ದರೆ ಮುಂಗೈಗೆ ಒಮ್ಮೆ, ಅಕ್ಷರಕ್ಕೆ ಒಮ್ಮೆ ಜಿಗಿಯುತ್ತಾ ಕೂರುತ್ತದೆ. ಖಾಲಿ ಬಿಳೀ ಹಾಳೆಯ ಮೇಲೆ ಫೋಕಸ್ ಹಿಡಿಯುವುದಿಲ್ಲ, ಅಚ್ಚಾದ ಪುಟವೊಂದನ್ನಿಟ್ಟು ಫೋಕಸ್ ಮಾಡಿ, ಲಾಕ್ ಒತ್ತಿ, ಆಮೇಲೆ ಬರೆಯುವ ಹಾಳೆ ಇಡಿ.

ತಲೆಕೆಳಗು, ಎಡಬಲ, ತಡವಾಗುವ ದನಿ

ಫೋನು ಮಲಗಿರುವಾಗ ಅದರ ಸೆನ್ಸರಿಗೆ ಯಾವ ಕಡೆ ಮೇಲು ಎಂದು ತಿಳಿಯುವುದಿಲ್ಲ. ಗುರುತ್ವ ನೇರ ಬೆನ್ನಿನ ಕಡೆಗೆ ಎಳೆಯುತ್ತಿರುತ್ತದೆ. ಮೇಜು ಸ್ವಲ್ಪ ಅಲುಗಿದರೂ ಚಿತ್ರ ದಿಢೀರನೆ ತಿರುಗಬಹುದು. ಫೋನನ್ನು ಕೈಯಲ್ಲಿ ಅಡ್ಡ ಹಿಡಿದು, ಆಟೋ ರೊಟೇಟ್ ಆಫ್ ಮಾಡಿ, ಆಮೇಲೆ ಹೋಲ್ಡರಿಗೆ ಸಿಕ್ಕಿಸಿ. ಚಿತ್ರ ತಲೆಕೆಳಗಾಗಿ ಬಂದರೆ ಸಾಫ್ಟ್‌ವೇರಿನಲ್ಲಿ 180 ಡಿಗ್ರಿ ತಿರುಗಿಸಿ.

ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಕಂಡರೆ ಏನೂ ಮಾಡಬೇಡಿ. ಮೀಟ್, ಜೂಮ್ ಎರಡೂ ನಿಮ್ಮ ಚಿತ್ರವನ್ನು ನಿಮಗೆ ಮಾತ್ರ ಕನ್ನಡಿಯಂತೆ ತೋರಿಸುತ್ತವೆ, ಆ ಕಡೆಯವರಿಗೆ ಸರಿಯಾಗಿಯೇ ಹೋಗುತ್ತಿರುತ್ತದೆ. ಇದು ಗೊತ್ತಿಲ್ಲದೆ ಆ್ಯಪ್‌ನಲ್ಲಿ ಫ್ಲಿಪ್ ಒತ್ತಿದರೆ ನಿಮಗೆ ನೆಟ್ಟಗೆ, ಮಕ್ಕಳಿಗೆ ಉಲ್ಟಾ. ಇನ್ನೊಂದು ಫೋನಿನಿಂದ ಅದೇ ಮೀಟಿಂಗಿಗೆ ಸೇರಿ ಒಮ್ಮೆ ನೋಡಿಬಿಡಿ.

ಜೂಮ್ ಬಳಸುವವರು ಫೋನನ್ನು ಮುಖ್ಯ ಕ್ಯಾಮೆರಾ ಮಾಡದೆ, ಶೇರ್ ಸ್ಕ್ರೀನ್‌ನ ಅಡ್ವಾನ್ಸ್‌ಡ್ ಭಾಗದಲ್ಲಿರುವ ‘ಕಂಟೆಂಟ್ ಫ್ರಂ ಸೆಕೆಂಡ್ ಕ್ಯಾಮೆರಾ’ ಆರಿಸಿ. ಲ್ಯಾಪ್‌ಟಾಪ್ ಕ್ಯಾಮೆರಾದಲ್ಲಿ ಮುಖ, ಫೋನಿನಲ್ಲಿ ಹಾಳೆ, ಎರಡೂ ಒಟ್ಟಿಗೆ ಹೋಗುತ್ತವೆ. ಮೀಟ್‌ನಲ್ಲಿ ಹಾಗೆ ಮಾಡಲು ಓಬಿಎಸ್ ಎಂಬ ವಿಡಿಯೋ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಫೋನಿನ ಚಿತ್ರವನ್ನು ವಿಂಡೋ ಪ್ರೊಜೆಕ್ಟರ್ ಆಗಿ ತೆರೆದು, ಆ ಕಿಟಕಿಯನ್ನೇ ಪ್ರೆಸೆಂಟ್ ಮಾಡಿ. ಅಕ್ಷರದ ಮಟ್ಟಿಗೆ ಇದೇ ಉತ್ತಮ. ಕ್ಯಾಮೆರಾ ಎಂದು ಕಳಿಸಿದ ಚಿತ್ರದಲ್ಲಿ ಚಲನೆ ನಯವಾಗಿರಲು ಸ್ಪಷ್ಟತೆ ಕಳೆಯುತ್ತಾರೆ, ಪ್ರೆಸೆಂಟ್ ಮಾಡಿದ್ದರಲ್ಲಿ ಸ್ಪಷ್ಟತೆ ಉಳಿಸಲು ಚಲನೆ ಕಳೆಯುತ್ತಾರೆ.

ಫೋನಿನ ಮೈಕ್ ಬಳಸಬೇಡಿ. ಬಾಯಿಗೆ ದೂರ, ಪೆನ್ನಿನ ಕರಕರ ಸದ್ದಿಗೆ ಹತ್ತಿರ. ಕಂಪ್ಯೂಟರಿಗೆ ಸಿಕ್ಕಿಸಿದ ಹೆಡ್‌ಸೆಟ್ ಸಾಕು. ಚಿತ್ರ ದನಿಗಿಂತ ಒಂದಿಷ್ಟು ತಡವಾಗಿ ಬರುತ್ತದೆ, ಹಾಳೆಯ ಪಾಠದಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ. ರೆಕಾರ್ಡ್ ಮಾಡುವಾಗ ಹೊಂದಿಸಬೇಕೆಂದರೆ ಕ್ಯಾಮೆರಾದ ಕೆಳಗೆ ಚಪ್ಪಾಳೆ ತಟ್ಟಿ, ಚಿತ್ರ ದನಿಗಿಂತ ಎಷ್ಟು ಹಿಂದಿದೆ ಎಂದು ನೋಡಿ, ಓಬಿಎಸ್‌ನ ಸಿಂಕ್ ಆಫ್‌ಸೆಟ್‌ನಲ್ಲಿ ಮೈಕನ್ನು ಅಷ್ಟು ಮಿಲಿಸೆಕೆಂಡ್ ತಡ ಮಾಡಿ. ಮೀಟಿಂಗಿನಲ್ಲಿ ಇದು ಫಲಿಸುವುದಿಲ್ಲ, ಓಬಿಎಸ್‌ನ ವರ್ಚುವಲ್ ಕ್ಯಾಮೆರಾ ಚಿತ್ರವನ್ನಷ್ಟೇ ಕಳಿಸುತ್ತದೆ, ದನಿ ಬೇರೆ ದಾರಿಯಲ್ಲಿ ಹೋಗುತ್ತದೆ.

ಕ್ಯಾಮೆರಾ ಪಟ್ಟಿಯಲ್ಲಿ ಹೆಸರು ಇದ್ದೂ ಚಿತ್ರ ಕಪ್ಪಗಿದ್ದರೆ, ಇನ್ನೊಂದು ಪ್ರೋಗ್ರಾಂ ಅದನ್ನು ಹಿಡಿದುಕೊಂಡಿರಬಹುದು. ಹಿಂದಿನ ಮೀಟಿಂಗಿನ ಬ್ರೌಸರ್ ಟ್ಯಾಬ್ ಮುಚ್ಚಿ. ಹೆಸರೇ ಇಲ್ಲದಿದ್ದರೆ ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಿರಿ, ಅದು ತೆರೆದ ಮೇಲೆ ಬಂದ ಕ್ಯಾಮೆರಾ ಅದಕ್ಕೆ ಕಾಣದಿರಬಹುದು.

ವೈಫೈ ಬಳಸಿದವರು ಪಾಠ ಮುಗಿದ ಮೇಲೆ ಫೋನಿನ ಆ್ಯಪನ್ನು ಫೋರ್ಸ್ ಸ್ಟಾಪ್ ಮಾಡಬೇಕು. ಹಿಂದೆ ಓಡುತ್ತಿದ್ದರೆ, ಪಾಸ್‌ವರ್ಡ್ ಇಡದಿದ್ದಾಗ, ಅದೇ ವೈಫೈನಲ್ಲಿರುವ ಯಾರು ಬೇಕಾದರೂ ವಿಳಾಸ ಮತ್ತು ಪೋರ್ಟ್ ಹಾಕಿ ನಿಮ್ಮ ಮೇಜನ್ನು ನೋಡಬಹುದು. ಮನೆಯಲ್ಲಿ ಇದು ದೊಡ್ಡ ವಿಷಯವಲ್ಲ, ಹಾಸ್ಟೆಲ್ಲಿನಲ್ಲಿ, ಪಿಜಿಯಲ್ಲಿ ಹೌದು.